ಪ್ಯಾನೆಲ್‌ನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕೇಬಲ್‌ಗೆ ಟೇಪ್ ಸುತ್ತಿ ಹೋದರೆ ಒಪ್ಪಬೇಡಿ

ಸಣ್ಣ ಕಾರ್ಖಾನೆ, ಅಪಾರ್ಟ್‌ಮೆಂಟ್, ಕಲ್ಯಾಣ ಮಂಟಪ, ಎಲ್ಲೇ ಆಗಲಿ ಎಲ್‌ಟಿ ಪ್ಯಾನೆಲ್ (ಕಡಿಮೆ ವೋಲ್ಟೇಜ್ ವಿದ್ಯುತ್ ಹಂಚುವ ಪೆಟ್ಟಿಗೆ) ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಲಗ್ (ಕೇಬಲ್ ತುದಿಗೆ ಹಾಕಿ ಬೋಲ್ಟ್ ಮಾಡುವ ಲೋಹದ ತುಂಡು) ಹತ್ತಿರ ಕೇಬಲ್ ಇನ್ಸುಲೇಶನ್ ಬಣ್ಣಗೆಟ್ಟಿದ್ದರೆ ಅದರ ಮೇಲೆ ಟೇಪ್ ಸುತ್ತುವುದು ರಿಪೇರಿ ಅಲ್ಲ. ನಮ್ಮಲ್ಲಿ ಹಾಗೆ ಮಾಡಿ ಹೋದರು. ಕೆಲವೇ ತಿಂಗಳಲ್ಲಿ ಆ ಫೀಡರ್ (ಪ್ಯಾನೆಲ್‌ನಿಂದ ಒಂದು ಯಂತ್ರಕ್ಕೆ ಹೋಗುವ ಲೈನ್) ಪೂರ್ತಿ ಸುಟ್ಟುಹೋಯಿತು.

ನಾನು ಪೀಣ್ಯದ ಒಂದು ಮಷಿನಿಂಗ್ ಯೂನಿಟ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಕಂಪ್ರೆಸರ್ ಫೀಡರ್‌ನ ಆರ್ ಫೇಸ್ (ಮೂರು ಫೇಸ್‌ಗಳಲ್ಲಿ ಒಂದು) ಬಿಸಿಯಾಗುತ್ತಿದೆ ಎಂದು ಗುತ್ತಿಗೆದಾರರನ್ನು ಕರೆಸಿದ್ದೆವು. ಬಂದವರು ಬೋಲ್ಟ್ ಬಿಗಿ ಮಾಡಿದರು, ಪಿವಿಸಿ ಟೇಪ್ ಸುತ್ತಿದರು, ಮೆಗ್ಗರ್ ಹಾಕಿ ತೋರಿಸಿದರು. ರೀಡಿಂಗ್ ಚೆನ್ನಾಗಿಯೇ ಇತ್ತು. ಜನ ಮೋಸ ಹೋಗುವುದು ಇಲ್ಲೇ. ಮೆಗ್ಗರ್ ನೋಡುವುದು ಇನ್ಸುಲೇಶನ್ ಮಾತ್ರ. ಲಗ್ ಒಳಗೆ ಎಳೆಗಳು ಗಟ್ಟಿಯಾಗಿ ಕೂತಿವೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದೇ ಇಲ್ಲ. ಅದು ಗೊತ್ತಾಗುವುದು ಲೋಡ್ ಮೇಲೆ ಥರ್ಮಲ್ ಕ್ಯಾಮೆರಾ ಹಿಡಿದಾಗ. ಮೂರೂ ಫೇಸ್‌ನಲ್ಲಿ ಒಂದೇ ಕರೆಂಟ್ ಇದ್ದು, ಒಂದು ಲಗ್ ಮಾತ್ರ ಜಾಸ್ತಿ ಬಿಸಿ ಇದ್ದರೆ ರೋಗ ಅಲ್ಲಿದೆ.

ಮಳೆಗಾಲದ ಒಂದು ರಾತ್ರಿ ಪಾಳಿಯಲ್ಲಿ ಢಮಾರ್ ಎಂದಿತು. ಪ್ಯಾನೆಲ್ ಬಾಗಿಲು ಮುಚ್ಚಿತ್ತು, ಬ್ರೇಕರ್ ಟ್ರಿಪ್ ಆಯಿತು, ಯಾರಿಗೂ ಪೆಟ್ಟಾಗಲಿಲ್ಲ. ಬಾಗಿಲು ತೆರೆದಿಟ್ಟು ಕೆಲಸ ಮಾಡುವ ಅಭ್ಯಾಸ ಎಷ್ಟು ಕಡೆ ಇದೆ ನೋಡಿ. ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಸುಟ್ಟ ತುದಿ ಬಿಚ್ಚಿ ನೋಡಿದಾಗ ಅಸಲಿ ಕಾರಣ ಸಿಕ್ಕಿತು. ಕೇಬಲ್ ಅಲ್ಯೂಮಿನಿಯಂ, ಹಾಕಿದ್ದು ತಾಮ್ರದ ಲಗ್. ಅದೂ ಚಿಕ್ಕ ಸೈಜು. ಒಳಗೆ ಹೋಗಲಿಲ್ಲ ಅಂತ ಹೊರಗಿನ ಎಳೆಗಳನ್ನು ಕತ್ತರಿಸಿದ್ದರು! ಲಗ್ ಒತ್ತಿ ಬಿಗಿ ಮಾಡುವ ಕ್ರಿಂಪಿಂಗ್ ಟೂಲ್ ಬದಲು ಸುತ್ತಿಗೆಯಲ್ಲಿ ಬಡಿದ ಗುರುತು ಬೇರೆ. ಅಲ್ಯೂಮಿನಿಯಂ ಗಾಳಿಗೆ ಸಿಕ್ಕ ಕೂಡಲೇ ಅದರ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ತಾಮ್ರ ಜೊತೆಗಿದ್ದು ತೇವವೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ರೆಸಿಸ್ಟೆನ್ಸ್ ಏರುತ್ತದೆ, ಬಿಸಿಯಾಗುತ್ತದೆ. ಹಿಗ್ಗಿ ಕುಗ್ಗಿ ಇನ್ನಷ್ಟು ಸಡಿಲವಾಗುತ್ತದೆ, ಮತ್ತಷ್ಟು ಬಿಸಿ. ಸಾಮಾನ್ಯ ಪಿವಿಸಿ ಕೇಬಲ್‌ನ ಮಿತಿ 70 ಡಿಗ್ರಿ, ಹೆಚ್ಚು ಬಿಸಿ ತಾಳುವ ಎಕ್ಸ್‌ಎಲ್‌ಪಿಇ ಇನ್ಸುಲೇಶನ್ ಆದರೆ 90 ಡಿಗ್ರಿ ಸೆಲ್ಸಿಯಸ್. ಮಿತಿ ದಾಟಿ ಬೆಂದ ಇನ್ಸುಲೇಶನ್ ಟೇಪ್‌ನಿಂದ ಮತ್ತೆ ಹೊಸದಾಗುವುದಿಲ್ಲ. ಹೊರಗಿನ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಒಳಗಿನ ಕ್ರಿಂಪ್ ಸರಿಹೋಗುವುದಿಲ್ಲ.

ರಿಪೇರಿಗೆ ಈ ಸಲ ಬೇರೆಯವರು ಬಂದರು. ಮೊದಲು ಮೇನ್ ಆಫ್ ಮಾಡಿ ಬೀಗ ಹಾಕಿದರು. ಡಿಜಿ (ಡೀಸೆಲ್ ಜನರೇಟರ್), ಚಾವಣಿಯ ಸೋಲಾರ್ ಎರಡನ್ನೂ ಬೇರ್ಪಡಿಸಿ ಬೀಗ ಹಾಕಿದರು. ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಟೆಸ್ಟರ್‌ನಿಂದ ಖಾತ್ರಿ ಮಾಡಿಕೊಂಡು, ಅರ್ಥ್ ಕೊಟ್ಟ ಮೇಲೇ ಕೈ ಹಾಕಿದ್ದು. ಇದನ್ನು ಬಿಟ್ಟು ಕೆಲಸಕ್ಕಿಳಿಯುವವರನ್ನು ಅಲ್ಲೇ ತಡೆಯಿರಿ.

ಹೊಳೆಯುವ ಎಳೆ, ಮೆತ್ತಗಿನ ಇನ್ಸುಲೇಶನ್ ಸಿಗುವವರೆಗೂ ಕೇಬಲ್ ಕತ್ತರಿಸುತ್ತಾ ಹೋದರು. ಆಗ ಉದ್ದ ಸಾಲಲಿಲ್ಲ. ಮೊದಲು ಎಳೆದವರು ಒಂದು ಸುತ್ತು ಕೇಬಲ್ ಕೂಡ ಜಾಸ್ತಿ ಬಿಟ್ಟಿರಲಿಲ್ಲ. ಪ್ಯಾನೆಲ್ ಒಳಗೇ ಜಾಯಿಂಟ್ ಹಾಕಿಬಿಡೋಣ ಎಂದು ನಮ್ಮವರೇ ಒಬ್ಬರು ಹೇಳಿದರು. ಬೇಡ ಎಂದೆ. ಹೊರಗೆ ಟ್ರೆಂಚ್‌ನಲ್ಲಿ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕಿಟ್ ಹಾಕಿ, ಆರ್ಮರ್ (ಕೇಬಲ್‌ನ ಲೋಹದ ರಕ್ಷಾಕವಚ) ಎರಡೂ ಕಡೆ ಸೇರಿಸಿ, ಜಾಯಿಂಟ್ ಮಾಡಿದರು. ಬಸ್‌ಬಾರ್ (ಪ್ಯಾನೆಲ್ ಒಳಗೆ ಕರೆಂಟ್ ಹರಿಯುವ ಪಟ್ಟಿ) ತಾಮ್ರದ್ದಾದ್ದರಿಂದ ಸರಿಯಾದ ಸೈಜಿನ ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ) ತಂದರು. ಎಳೆಗಳನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಿ, ಸೈಜಿಗೆ ತಕ್ಕ ಡೈ (ಅಚ್ಚು) ಇಟ್ಟು ಹೈಡ್ರಾಲಿಕ್ ಟೂಲ್‌ನಲ್ಲಿ ಒತ್ತಿದರು. ಬೋಲ್ಟ್‌ಗೆ ಟಾರ್ಕ್ ರೆಂಚ್. ಬಿಗಿ ಮಾಡಿದ ಮೇಲೆ ಪೇಂಟ್‌ನಲ್ಲಿ ಒಂದು ಗೆರೆ ಎಳೆದರು, ಬೋಲ್ಟ್ ಅಲುಗಿದರೆ ಕಣ್ಣಿಗೇ ಕಾಣುತ್ತದೆ.

ಅದೇ ಪ್ಯಾನೆಲ್‌ನ ಕೆಳಭಾಗದಲ್ಲಿ ಇನ್ನೊಂದು ಕೇಬಲ್, ಗ್ಲ್ಯಾಂಡ್ (ತೂತಿನಲ್ಲಿ ಕೇಬಲ್ ಹಿಡಿದಿಡುವ ಭಾಗ) ಇಲ್ಲದೆ ನೇತಾಡುತ್ತಿತ್ತು. ಭಾರವೆಲ್ಲ ಲಗ್ ಮೇಲೆ. ತೂತಿನ ಚೂಪು ಅಂಚು ಹೊರಕವಚವನ್ನು ಕೊಯ್ದಿತ್ತು. ಪಕ್ಕದ ಖಾಲಿ ತೂತಿನಿಂದ ಇಲಿ ಬಂದು ಹೋಗುತ್ತಿತ್ತು. ನಿಮ್ಮಲ್ಲೂ ಒಮ್ಮೆ ಬಗ್ಗಿ ನೋಡಿ. ಸಿಂಗಲ್ ಕೋರ್ ಕೇಬಲ್‌ಗಳಾದರೆ ಇನ್ನೊಂದು ವಿಷಯ. ಕಬ್ಬಿಣದ ಗ್ಲ್ಯಾಂಡ್ ಪ್ಲೇಟ್‌ನಲ್ಲಿ ಒಂದೊಂದು ಫೇಸ್‌ಗೆ ಒಂದೊಂದು ತೂತು ಕೊರೆದಿದ್ದರೆ ಪ್ಲೇಟ್‌ನಲ್ಲೇ ಹುಟ್ಟುವ ಎಡ್ಡಿ ಕರೆಂಟ್‌ನಿಂದ ಅದು ಬಿಸಿಯಾಗಿ ಕೇಬಲ್ ಬೇಯುತ್ತದೆ. ಅಲ್ಲಿ ಅಲ್ಯೂಮಿನಿಯಂ ಪ್ಲೇಟ್ ಬೇಕು.

11 ಕೆವಿ (11,000 ವೋಲ್ಟ್, ಅಂದರೆ ಎಚ್‌ಟಿ) ಕಡೆಯಂತೂ ಟೇಪ್ ಮಾತೇ ಬೇಡ. ಅಲ್ಲಿ ಮೇಲಿನ ಕಪ್ಪು ಸೆಮಿಕಂಡಕ್ಟಿಂಗ್ ಪದರ ತೆಗೆಯುವಾಗ ಚಾಕು ಒಂದು ಗೀರು ಬಿಟ್ಟರೂ ಸಾಕು, ಆ ಜಾಗದಲ್ಲಿ ಸಣ್ಣ ಕಿಡಿಯಂಥ ಡಿಸ್ಚಾರ್ಜ್ ಶುರುವಾಗಿ ಟರ್ಮಿನೇಶನ್ (ಕೇಬಲ್ ತುದಿಯ ಜೋಡಣೆ) ಒಳಗಿಂದಲೇ ಹಾಳಾಗುತ್ತಾ ಹೋಗುತ್ತದೆ. ಚರಚರ ಸದ್ದು, ಓಝೋನ್‌ನ ಖಾರ ವಾಸನೆ, ಬಿಳಿ ಪುಡಿ ಕಂಡರೆ ನೀವು ಬಾಗಿಲು ತೆಗೆಯಬೇಡಿ. ಸಪ್ಲೈ ಆಫ್ ಮಾಡಿಸಿ, ಲೈಸೆನ್ಸ್ ಇರುವ ಎಚ್‌ಟಿ ಜಾಯಿಂಟರ್‌ನನ್ನು ಕರೆಸಿ.

ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮೊದಲು ಮೂರು ಕೇಳಿ: ಕತ್ತರಿಸಿದ ಹಳೆಯ ತುದಿ, ಟೇಪ್ ಅಥವಾ ಸ್ಲೀವ್ ಹಾಕುವ ಮುಂಚಿನ ಕ್ರಿಂಪ್ ಫೋಟೋ, ಫುಲ್ ಲೋಡ್‌ನಲ್ಲಿ ತೆಗೆದ ಥರ್ಮಲ್ ಚಿತ್ರ. ನಮ್ಮಲ್ಲಿ ಈ ಕೇಬಲ್ ಮೊದಲು ಎಳೆದ ಹಳೆಯ ತಂಡವೇ ಹಾಕಿದ ಇನ್ನೂ ಕೆಲವು ಫೀಡರ್‌ಗಳಿವೆ. ಅವನ್ನು ಬಿಚ್ಚಿ ನೋಡುವವರೆಗೂ ಲೋಡ್ ತಗ್ಗಿಸಿಯೇ ನಡೆಸುತ್ತಿದ್ದೇವೆ.