ಪ್ಲಾನ್ ಬರೆಯುವ ಮೊದಲು ಕಾಗದ ಓದುವ ಆಫೀಸು

ವಿಮೆ ಪಾಲಿಸಿ ಕೆಲಸಕ್ಕೆ ಹೋದ ಮನೆಯಲ್ಲೆಲ್ಲ ಈಗ ಒಂದೇ ಪ್ರಶ್ನೆ. "ನಿಮ್ಮ ಮನೆಗೆ ಲೈಸೆನ್ಸ್ ಆಯ್ತಂತೆ, ಯಾರ ಹತ್ರ ಮಾಡಿಸಿದ್ರಿ?" ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಒಮ್ಮೆ ಬರೆದುಬಿಡುತ್ತೇನೆ. ಉಡುಪಿ ನಗರಸಭೆಗೆ ಮನೆ ಕಟ್ಟುವ ಅರ್ಜಿಯನ್ನು ನಾನು ತಯಾರು ಮಾಡಿಸಿದ್ದು ಕುಂಜಿಬೆಟ್ಟಿನ ಒಂದು ಸಣ್ಣ ಆಫೀಸಿನಲ್ಲಿ. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಇವರು. ಒಬ್ಬ ಇಂಜಿನಿಯರ್, ಕಂಪ್ಯೂಟರಿನಲ್ಲಿ ಪ್ಲಾನ್ ಬರೆಯುವ ಒಬ್ಬ ಹುಡುಗಿ, ಕಾಗದ ಹಿಡಿದು ಓಡಾಡುವ ಒಬ್ಬ ಹುಡುಗ, ಅಷ್ಟೇ. ಹೆಸರು ಹಾಕುವುದಿಲ್ಲ. ಮುಂದೆ ಸ್ವಲ್ಪ ಬೈಯುವುದೂ ಉಂಟು.

ನಮ್ಮದು ಸಂತೆಕಟ್ಟೆ ಕಡೆ 8 ಸೆಂಟ್ಸ್ ಜಾಗ. ಅಮ್ಮನ ಕಾಲದ ಆಸ್ತಿ ಪಾಲಾದಾಗ ನನಗೆ ಬಂದದ್ದು. ಕನ್ವರ್ಷನ್, ಅಂದರೆ ಕೃಷಿ ಜಾಗವನ್ನು ಮನೆ ಕಟ್ಟಲು ಬದಲಾಯಿಸುವುದು, ಇಡೀ ಜಾಗಕ್ಕೆ ಹಿಂದೆಯೇ ಆಗಿತ್ತು, ಪಾಲಾಗುವಾಗ ಸರ್ವೆಯವರ 11ಇ ನಕ್ಷೆಯೂ ಆಗಿತ್ತು. ಇನ್ನೇನು, ಪ್ಲಾನ್ ಒಂದು ಬರೆಸಿದರೆ ಮುಗಿಯಿತು ಅಂತ ಮನೆಯಲ್ಲಿ ಎಲ್ಲರ ಲೆಕ್ಕ.

ಇವರಿಗಿಂತ ಮೊದಲು ಇನ್ನೊಬ್ಬರನ್ನು ವಿಚಾರಿಸಿದ್ದೆ. ಅವರು ಕೇಳಿದ್ದು ಎರಡೇ ವಿಷಯ. ಜಾಗದ ಉದ್ದ ಅಗಲ ಎಷ್ಟು, ಬೆಡ್‌ರೂಂ ಎಷ್ಟು ಬೇಕು. "ಉಳಿದದ್ದು ನಮಗೆ ಬಿಡಿ ಮೇಡಂ" ಅಂದರು. ಸ್ವಲ್ಪ ದಿನದಲ್ಲಿ ವಾಟ್ಸಾಪ್‌ಗೆ ತ್ರೀಡಿ ಚಿತ್ರ ಬಂತು. ಮಹಡಿ ಮನೆ, ಮುಂದೆ ಹಸಿರು ಲಾನ್, ಲಾನ್ ಪಕ್ಕ ಯಾರದೋ ಬಿಳಿ ಕಾರು. ನೋಡಲು ಚಂದವೇ. ಆದರೆ ಆರ್‌ಟಿಸಿ (ಪಹಣಿ) ಉಂಟಾ, ಹಕ್ಕುಪತ್ರ ಯಾರ ಹೆಸರಲ್ಲಿ ಉಂಟು ಅಂತ ಒಂದು ಮಾತು ಕೇಳಲಿಲ್ಲ. ಫಾರಂ ತುಂಬಿಸುವುದೇ ನನ್ನ ಹೊಟ್ಟೆಪಾಡು. ಕಾಗದ ನೋಡದೆ "ಆಗ್ತದೆ" ಅನ್ನುವವರನ್ನು ಕಂಡರೆ ನನಗೆ ಭಯ.

ಕುಂಜಿಬೆಟ್ಟಿನವರು ಬೆಡ್‌ರೂಂ ವಿಷಯಕ್ಕೆ ಬರಲೇ ಇಲ್ಲ. ಪಾಲಾದ ಪತ್ರ, ಕನ್ವರ್ಷನ್ ಆರ್ಡರ್, ಆರ್‌ಟಿಸಿ, ಇಸಿ (ಋಣಭಾರ ಪತ್ರ), ನಕ್ಷೆ, ತೆರಿಗೆ ರಸೀದಿ ಎಲ್ಲವನ್ನೂ ಮೇಜಿನ ಮೇಲೆ ಹರಡಲು ಹೇಳಿದರು. ಆಮೇಲೆ ಪತ್ರದ ಷೆಡ್ಯೂಲ್, ಅಂದರೆ ಗಡಿ ವಿವರ, ತೆಗೆದು ಇಂಜಿನಿಯರ್ ಗಟ್ಟಿಯಾಗಿ ಓದಲು ಶುರು ಮಾಡಿದರು. "ಮೂಡು, ಅಣ್ಣನ ಪಾಲು. ತೆಂಕು, ಕುಮ್ಕಿ. ಪಡು, ನೆರೆಯವರ ವರ್ಗ ಜಾಗ. ಬಡಗು, ದಾರಿ." (ವರ್ಗ ಅಂದರೆ ಸ್ವಂತ ಹಕ್ಕಿನ ಜಾಗ, ಕುಮ್ಕಿ ಅದಕ್ಕೆ ತಾಗಿದ ಸರ್ಕಾರಿ ಜಾಗ.) ಒಂದೊಂದು ದಿಕ್ಕು ಓದಿದಾಗಲೂ ಇನ್ನೊಂದು ಕೈಯ ಬೆರಳು 11ಇ ನಕ್ಷೆಯ ಆ ಬದಿಯ ಗೆರೆಯ ಮೇಲೆ. ಬಡಗಿಗೆ ಬಂದಾಗ ಬೆರಳು ನಿಂತಿತು.

"ಅಕ್ಕ, ಪತ್ರದಲ್ಲಿ ದಾರಿ ಅಂತ ಉಂಟು. ನಕ್ಷೆಯಲ್ಲಿ ದಾರಿಯೇ ಇಲ್ಲ. ಎಷ್ಟು ಅಗಲ ಅಂತ ಎಲ್ಲಿಯೂ ಬರೆದಿಲ್ಲ."

"ಕಾರು ಹೋಗ್ತದಲ್ವಾ?" ಅಂದೆ.

"ಕಾರು ಹೋಗುವುದು ನೆಲದ ಮೇಲೆ. ಅರ್ಜಿ ಹೋಗುವುದು ಕಾಗದದ ಮೇಲೆ."

ಮತ್ತೆ ಕುಮ್ಕಿ ವಿಷಯ. ತೆಂಕಿನ ಬದಿಯಲ್ಲಿ ಅಜ್ಜನ ಕಾಲದಿಂದ ನಾವೇ ಸೊಪ್ಪು ತರಗೆಲೆ ತೆಗೆಯುವ ಜಾಗ ಸ್ವಲ್ಪ ಉಂಟು. ಅದನ್ನೂ ಸೇರಿಸಿದರೆ ಹಿಂಬದಿಯ ಸೆಟ್‌ಬ್ಯಾಕ್ (ಖಾಲಿ ಬಿಡಬೇಕಾದ ಜಾಗ) ಸಲೀಸು ಅಂತ ಜೊತೆಗೆ ಬಂದಿದ್ದ ಅಣ್ಣ ಮೆಲ್ಲ ಹೇಳಿದ. ಇಂಜಿನಿಯರ್ ತಲೆ ಎತ್ತದೆ, "ಕುಮ್ಕಿ ಸರ್ಕಾರದ್ದು ಅಣ್ಣ. ವರ್ಗದಾರರು ಅನುಭವಿಸಬಹುದು. ಪ್ಲಾನಿನಲ್ಲಿ ತೋರಿಸಿ ನಮ್ಮದು ಅನ್ನಲಿಕ್ಕೆ ಆಗುವುದಿಲ್ಲ" ಅಂದರು. ಘಟ್ಟದ ಮೇಲಿನಿಂದ ಬಂದು ಇಲ್ಲಿ ಜಾಗ ತೆಗೆದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಮಾರುವವರು ವರ್ಗ, ಕುಮ್ಕಿ ಎರಡನ್ನೂ ಒಟ್ಟಿಗೆ ಕೈ ಬೀಸಿ ತೋರಿಸುತ್ತಾರೆ. ಆರ್‌ಟಿಸಿಯಲ್ಲಿ ಇರುವ ಸೆಂಟ್ಸ್ ಮಾತ್ರ ನಿಮ್ಮದು.

ಅರ್ಜಿ ಯಾವ ಆಫೀಸಿಗೆ ಮೊದಲು, ಯಾವುದಕ್ಕೆ ಆಮೇಲೆ ಅನ್ನುವುದನ್ನು ಅವರು ಒಂದು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕೊಟ್ಟರು. ಕೃಷಿ ಜಾಗವಾದರೆ ಮೊದಲು ಕನ್ವರ್ಷನ್, ಅದು ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ, ಜಿಲ್ಲಾಧಿಕಾರಿಯಿಂದ. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರದಿಂದ ಏಕ ನಿವೇಶನ ವಿನ್ಯಾಸಕ್ಕೆ ಒಪ್ಪಿಗೆ, ನಮ್ಮೂರಿನವರು ಸಿಂಗಲ್ ಸೈಟ್ ಅನ್ನುವುದು ಇದಕ್ಕೇ. ಅದರ ಮೇಲೆ ನಗರಸಭೆಯ ಇ-ಖಾತಾ. ಕೊನೆಗೆ ಕಟ್ಟಡದ ಲೈಸೆನ್ಸ್. ನಾವು ಕೊನೆಯ ಮೆಟ್ಟಿಲಿನಲ್ಲಿ ನಿಂತಿದ್ದೇವೆ ಅಂದುಕೊಂಡಿದ್ದರೆ, ಸಿಂಗಲ್ ಸೈಟೇ ಆಗಿರಲಿಲ್ಲ. ಬೆಂಗಳೂರು ಮೈಸೂರಿನ ಮಂಜೂರಾದ ಬಡಾವಣೆಯ ಸೈಟಿಗೆ ಈ ತಾಪತ್ರಯ ಇಲ್ಲ, ಅಲ್ಲಿ ಲೇಔಟ್ ಮಾಡಿದವರೇ ಒಪ್ಪಿಗೆ ತಂದಿರುತ್ತಾರೆ. ನಮ್ಮ ಕರಾವಳಿಯಲ್ಲಿ ಒಂದೊಂದು ಮನೆಯೂ ಒಂದೊಂದು ತೋಟದ ತುಂಡಿನಲ್ಲಿ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ತುಂಡಿಗೆ ಬೇರೆಯೇ ಒಪ್ಪಿಗೆ ತರಬೇಕು. ಪಂಚಾಯತ್ ವ್ಯಾಪ್ತಿಯವರಿಗೆ ಇ-ಖಾತಾ ಬದಲು ನಮೂನೆ 9 ಮತ್ತು 11. ಅಲೆವೂರು, ಹಿರಿಯಡಕ ಕಡೆಯ ಮದುವೆ ಮನೆಗಳಲ್ಲಿ "ನೈನ್ ಇಲೆವೆನ್ ಆಯ್ತಾ?" ಅಂತ ಕೇಳುವುದು ಕೇಳಿಲ್ವಾ, ಅದೇ.

ದಾರಿ ಸರಿ ಮಾಡಲು ಅಣ್ಣಂದಿರು ತಮ್ಮ ಪಾಲಿನಿಂದ, ನಾನು ನನ್ನ ಪಾಲಿನಿಂದ ರಸ್ತೆಗೆ ಅಂತ ಜಾಗ ಬಿಟ್ಟು, ಅದನ್ನು ನಗರಸಭೆಗೆ ಬಿಟ್ಟುಕೊಡುವ ಪತ್ರ ನೋಂದಣಿ ಮಾಡಿಸಬೇಕಾಯಿತು. ಪತ್ರದ ಕರಡು ಇಂಜಿನಿಯರ್ ಆಫೀಸಿನದ್ದೇ. ಇದರಲ್ಲಿ ಮನೆಯೊಳಗೆ ನಡೆದ ಮಾತುಕತೆ ಇಲ್ಲಿ ಬೇಡ. ನಾಳೆ ಅವರೂ ಕಟ್ಟಬೇಕಲ್ಲ, ಒಪ್ಪಿದರು.

ಜಾಗ ನೋಡಲು ಬಂದ ದಿನ ಮಳೆ. ಇಂಜಿನಿಯರ್ ಪ್ಯಾಂಟ್ ಮಡಚಿ, ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಕಂಪೌಂಡ್ ಹಾರಿ ನೆರೆಮನೆಗೆ ಹೋದರು. ಮನೆ ಕಟ್ಟುವುದು ಇಲ್ಲಿ, ಅಳೆಯುವುದು ಅಲ್ಲಿ ಎಂತಕ್ಕೆ ಅಂತ ನನಗೆ ತಲೆಬುಡ ಗೊತ್ತಾಗಲಿಲ್ಲ. ಅವರು ನೋಡುತ್ತಿದ್ದದ್ದು ನೆರೆಯವರ ಬಾವಿ. ನಮ್ಮ ಬದಿಗೆ ಒಳಚರಂಡಿ ಬಂದಿಲ್ಲ, ಸೆಪ್ಟಿಕ್ ಟ್ಯಾಂಕ್, ಅದರ ನೀರು ಇಂಗುವ ಸೋಕ್ ಪಿಟ್ ನಾವೇ ಮಾಡಬೇಕು. ಕುಡಿಯುವ ನೀರಿನ ಬಾವಿಗೂ ಸೋಕ್ ಪಿಟ್‌ಗೂ 18 ಮೀಟರ್ ದೂರ ಇರಬೇಕು ಅನ್ನುವುದು ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಲೆಕ್ಕ. 8 ಸೆಂಟ್ಸ್ ಅಂದರೆ ಸುಮಾರು 324 ಚದರ ಮೀಟರ್. ನಮ್ಮದು ಉದ್ದುದ್ದದ ಜಾಗ, ತೆಂಕು ಬಡಗು 22 ಮೀಟರ್, ಅಗಲ 15ಕ್ಕೂ ಸ್ವಲ್ಪ ಕಡಿಮೆ. ಬಾವಿ ಈಶಾನ್ಯದಲ್ಲಿ ಆಗಬೇಕು ಅಂತ ಅತ್ತೆಯವರ ಹಟ. ಆಗ ಸೋಕ್ ಪಿಟ್ ದೂರದ ಮೂಲೆಗೆ, ಅಂದರೆ ನೈಋತ್ಯಕ್ಕೆ ಹೋಗಬೇಕು. ಅದು ಕನ್ನಿಮೂಲೆ, ಅಲ್ಲಿ ಹೊಂಡ ತೋಡುವುದು ಅತ್ತೆಗೆ ಆಗದು. ಅತ್ತೆಯನ್ನು ಹೇಗಾದರೂ ಒಪ್ಪಿಸಬಹುದಿತ್ತು. ಆದರೆ ಆ ಮೂಲೆಯ ಆಚೆಗೇ ನೆರೆಯವರ ಬಾವಿ! ನಮ್ಮದು ಮುರಕಲ್ಲಿನ ನೆಲ. ಮೇಲೆ ಬಿದ್ದ ನೀರು ಕಲ್ಲಿನ ತೂತುಗಳಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿಬಿಡುತ್ತದೆ. ಕೊನೆಗೆ ಪಿಟ್ ಆಗ್ನೇಯಕ್ಕೆ ಹೋಯಿತು, ಅಡುಗೆಮನೆ ಸ್ವಲ್ಪ ಪಡುವಿಗೆ ಸರಿಯಿತು. ಎರಡೂ ಬಾವಿಗೆ 18 ಮೀಟರ್ ಸಿಕ್ಕಿತು. ಅತ್ತೆ ಈಗಲೂ ಗೊಣಗುತ್ತಾರೆ. ನೆರೆಯವರು ಮಾತ್ರ ಅಂದಿನಿಂದ ನಮಗೆ ಬಸಳೆ ಕಳಿಸುವುದು ಜಾಸ್ತಿ ಮಾಡಿದ್ದಾರೆ.

ಜಾಗದಲ್ಲಿ ನಾಗಬನ, ಹಳೆ ಕಟ್ಟೆ ಏನಾದರೂ ಉಂಟಾ ಅಂತಲೂ ಅವರೇ ಕೇಳಿದರು. ಇರಲಿಲ್ಲ. ಇದ್ದರೆ ಸೈಟ್ ಪ್ಲಾನಿನಲ್ಲಿ ಮೊದಲೇ ಗುರುತು ಹಾಕಿ ಜಾಗ ಬಿಡಬೇಕು, ಇಲ್ಲದಿದ್ದರೆ ಪಾಯ ತೆಗೆಯುವ ದಿನ ಕುಟುಂಬದವರೆಲ್ಲ ಬಂದು ನಿಲ್ಲುತ್ತಾರಂತೆ.

ಇನ್ನು ಡ್ರಾಯಿಂಗ್. ಇಲ್ಲಿ ಹೊಗಳಬೇಕಾದ್ದು ಆ ಹುಡುಗಿಯನ್ನು. ಈಗ ಅರ್ಜಿ ಎಲ್ಲ ಆನ್‌ಲೈನ್, ಎಲ್‌ಬಿಪಿಎಎಸ್ ಅನ್ನುವ ವ್ಯವಸ್ಥೆಯಲ್ಲಿ, ಇಂಜಿನಿಯರ್ ಲಾಗಿನ್‌ನಿಂದಲೇ ಹೋಗಬೇಕು. ಆಟೋಕ್ಯಾಡ್ ಫೈಲನ್ನು ಮೊದಲು ಸಾಫ್ಟ್‌ವೇರ್ ಅಳೆಯುತ್ತದೆ, ಆಮೇಲೆ ಮನುಷ್ಯರು ನೋಡುತ್ತಾರೆ. ಗೋಡೆಯ ಗೆರೆ ಒಂದು ಲೇಯರ್, ಜಾಗದ ಗಡಿ ಒಂದು ಲೇಯರ್, ರಸ್ತೆ ಇನ್ನೊಂದು. ಗೆರೆ ಸರಿಯಿದ್ದು ಲೇಯರ್ ತಪ್ಪಿದರೂ ವಾಪಸ್. ನಾನು ಪಕ್ಕದಲ್ಲಿ ಕೂತಿದ್ದಾಗ ನಮ್ಮ ಜಾಗದ ಗಡಿಯನ್ನು ಸಾಫ್ಟ್‌ವೇರ್ ತೆಗೆದುಕೊಳ್ಳಲೇ ಇಲ್ಲ. ಪರದೆಯಲ್ಲಿ ನಾಲ್ಕೂ ಬದಿ ಸರಿಯಾಗಿಯೇ ಕಾಣುತ್ತಿತ್ತು. ಅವಳು ವಾಯವ್ಯದ ಮೂಲೆಯನ್ನು ದೊಡ್ಡದು ಮಾಡುತ್ತಾ ಹೋದಳು, ಇನ್ನೂ ದೊಡ್ಡದು, ಇನ್ನೂ. ಅಲ್ಲಿ ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು. "ನೋಡಿ ಅಕ್ಕ, ಗಡಿ ಮುಚ್ಚಿಲ್ಲ. ಮುಚ್ಚದಿದ್ರೆ ಇದಕ್ಕೆ ಜಾಗವೇ ಇಲ್ಲ ಅಂತ ಲೆಕ್ಕ." ಒಂದು ಕ್ಲಿಕ್, ಮುಗಿಯಿತು. ಬೇರೆ ಕಡೆ ಇಂಥದ್ದಕ್ಕೆಲ್ಲ "ಸರ್ವರ್ ಪ್ರಾಬ್ಲಂ" ಅಂದುಬಿಡುತ್ತಾರೆ.

ಮನೆಯ ಒಳಗಿನ ಪ್ಲಾನ್ ಬಗ್ಗೆ ಜಾಸ್ತಿ ನಿರೀಕ್ಷೆ ಬೇಡ. ಕೋಣೆ ಕೋಣೆಯ ಹಾಗೆ ಉಂಟು, ಕಿಟಕಿ ಕಿಟಕಿಯ ಹಾಗೆ. ಮುಂಭಾಗದ ಚಂದ, ಹೊಸ ಐಡಿಯಾ ಬೇಕು ಅನ್ನುವವರು ಆರ್ಕಿಟೆಕ್ಟ್ ಹತ್ತಿರ ಹೋಗಿ ವಿನ್ಯಾಸ ಮಾಡಿಸಿ, ಅರ್ಜಿಗೆ ಮಾತ್ರ ಇಲ್ಲಿಗೆ ಬರಬಹುದು. ಅದಕ್ಕೂ ಒಪ್ಪುತ್ತಾರೆ.

ಈಗ ಬೈಗುಳ. ಫೋನ್ ಎತ್ತುವುದಿಲ್ಲ. ಇಂಜಿನಿಯರ್ ಮೂರು ಗಂಟೆಗೆ ಬರ್ತೇನೆ ಅಂದರೆ ಐದಕ್ಕೆ, ಅದೂ ಬಂದರೆ. ಅರ್ಜಿ ಎಲ್ಲಿ ನಿಂತಿದೆ ಅಂತ ಕೇಳಿದರೆ ಓಡಾಡುವ ಹುಡುಗನಿಂದ ಒಂದೇ ಉತ್ತರ, "ಟೇಬಲ್‌ನಲ್ಲಿ ಉಂಟು." ಯಾರ ಟೇಬಲ್ ಮಾರಾಯ? ಅದಕ್ಕೆ ಉತ್ತರ ಇಲ್ಲ. ಅರ್ಜಿಗೆ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ, ಮೆಸೇಜ್ ನಿಮಗೇ ಬರಲಿ. ಅವರು ರೂಢಿಯಂತೆ ಆಫೀಸ್ ನಂಬರ್ ಹಾಕುತ್ತಾರೆ, ಹಟ ಹಿಡಿದು ಬದಲಾಯಿಸಿದೆ. ಒಮ್ಮೆ ಕೇಳಿದ ಅಫಿಡವಿಟ್ಟನ್ನೇ ಮತ್ತೊಮ್ಮೆ ಕೇಳಿದರು. ಅಮ್ಮನ ಹೆಸರು ಆರ್‌ಟಿಸಿಯಲ್ಲಿ ಒಂದು ತರ, ಆಧಾರ್‌ನಲ್ಲಿ ಒಂದು ತರ, ಇಬ್ಬರೂ ಒಬ್ಬರೇ ಅನ್ನುವುದಕ್ಕೆ ನೋಟರಿ ಮಾಡಿಸಿದ ಕಾಗದ. ಮೊದಲಿನದು ಅವರದೇ ಫೈಲಿನ ಹಿಂದೆ ಅಂಟಿಕೊಂಡಿತ್ತು. ಎಲ್ಲದರ ಸ್ಕ್ಯಾನ್ ನಿಮ್ಮ ಮೊಬೈಲಿನಲ್ಲೂ ಇರಲಿ. ಸ್ಕೂಟರ್ ನಿಲ್ಲಿಸಲು ಜಾಗವೂ ಇಲ್ಲ, ಝೆರಾಕ್ಸ್ ಅಂಗಡಿಯವರು ಬೈಯುತ್ತಾರೆ.

ದುಡ್ಡಿನ ವಿಷಯ. ಇವರ ಫೀಸು ನಮ್ಮ 1,450 ಚದರ ಅಡಿಯ ಮನೆಗೆ 30 ಸಾವಿರದೊಳಗೆ ಮುಗಿಯಿತು, ಸಿಂಗಲ್ ಸೈಟ್ ಕೆಲಸ ಸೇರಿ. ಪ್ರಾಧಿಕಾರ, ನಗರಸಭೆಯ ಶುಲ್ಕ ಬೇರೆ, ಅದಕ್ಕೆ ಚಲನ್ ಬರುತ್ತದೆ, ಚಲನ್ ನೋಡಿ ನಾನೇ ಕಟ್ಟಿದೆ. ಕಾರ್ಮಿಕರ ಸೆಸ್ ಬಗ್ಗೆ ಇವರು ಮೊದಲ ದಿನವೇ ಹೇಳಿದ್ದು ಒಳ್ಳೆಯದಾಯಿತು. ಆಗ ಸ್ವಂತ ವಾಸದ ಮನೆಯಾದರೂ ಖರ್ಚು 10 ಲಕ್ಷ ದಾಟಿದರೆ ಕಟ್ಟಡದ ವೆಚ್ಚದ ಶೇ. 1 ಕಟ್ಟಬೇಕಿತ್ತು. 10 ಲಕ್ಷದೊಳಗೆ ಯಾರ ಮನೆ ಆಗುತ್ತದೆ ಹೇಳಿ? 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಆ ಮಿತಿ ಬದಲಾಗಿದೆ. ನಿಮಗೆ ಸೆಸ್ ಬರುತ್ತದಾ ಅಂತ ವಿಚಾರಿಸಿ, ಬಂದರೆ ಬ್ಯಾಂಕ್ ಸಾಲದ ಲೆಕ್ಕ ಹಾಕುವಾಗಲೇ ಸೇರಿಸಿಕೊಳ್ಳಿ.

ಪ್ಲಾನಿನಲ್ಲಿ ಒಂದು, ಕಟ್ಟುವಾಗ ಇನ್ನೊಂದು ಮಾಡುವವರಿಗೆ ಇವರು ಸರಿ ಹೋಗುವುದಿಲ್ಲ. ನಮ್ಮ ಮೇಸ್ತ್ರಿ ಕಾರ್ ಪೋರ್ಚ್ ಎರಡು ಅಡಿ ಮುಂದೆ ತರೋಣ ಅಂದಾಗ ನಾನು ಸುಮ್ನೆ ಒಂದು ಮಾತು ಕೇಳಿದೆ, ಇಂಜಿನಿಯರ್ ಖಡಾಖಂಡಿತ ಬೇಡ ಅಂದರು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಫೋನಿನಲ್ಲಿ ತೆಗೆದು ತೋರಿಸಿದರು. ಮಂಜೂರಾದ ನಕ್ಷೆಯಂತೆ ಕಟ್ಟಿ, ಕಂಪ್ಲೀಷನ್ ಅಥವಾ ಆಕ್ಯುಪೆನ್ಸಿ ಸರ್ಟಿಫಿಕೇಟ್ ತೋರಿಸಿದ ಮೇಲೆಯೇ ಕರೆಂಟು, ನೀರು ಕೊಡಬೇಕು ಅನ್ನುತ್ತದೆ ಅದು. ಅದರ ನಂತರ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ಮೀಟರ್ ಇಲ್ಲದೆ ಕಾದದ್ದು ಪೇಪರ್ ಓದುವವರಿಗೆಲ್ಲ ಗೊತ್ತು. ಪೋರ್ಚ್ ಇದ್ದಲ್ಲೇ ಉಳಿಯಿತು.

ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ. ಆ ಫೀಸು ಲೈಸೆನ್ಸ್ ಕೈಗೆ ಬರುವವರೆಗೆ ಮಾತ್ರ. ಮನೆ ಮುಗಿದ ಮೇಲೆ ಕಂಪ್ಲೀಷನ್, ಡೋರ್ ನಂಬರ್ ಕೆಲಸಕ್ಕೆ ಬೇರೆ ದುಡ್ಡು. ನನಗೆ ಅದು ಗೊತ್ತಾದದ್ದು ಲಿಂಟಲ್ ಮಟ್ಟಕ್ಕೆ ಗೋಡೆ ಬಂದ ಮೇಲೆ. ಆಮೇಲೆ ಚೌಕಾಸಿ ಮಾಡಿದೆ, ಸ್ವಲ್ಪ ಇಳಿಸಿದರು. ನೀವು ಹೋದರೆ ಎರಡನ್ನೂ ಸೇರಿಸಿಯೇ ರೇಟ್ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳಿದರೆ ಬರೆದು ಕೊಡುತ್ತಾರೆ. ಬೆಳಿಗ್ಗೆ ಹತ್ತಕ್ಕೇ ಹೋಗಿ, ಆ ಹೊತ್ತಿಗೆ ಇಂಜಿನಿಯರ್ ಸಿಗುತ್ತಾರೆ.