ದಕ್ಷಿಣ ಸ್ಪೇನಿನ ಬಿಸಿಲು ನಂಬಿ ಬ್ಯುಟೇನ್ ಸಿಲಿಂಡರ್ ಹಾಕಿಸಿಕೊಂಡು ಹೊರಡಬೇಡಿ

ಯುರೋಪಿನಲ್ಲಿರುವ ನಮ್ಮವರು ಡಿಸೆಂಬರ್ ರಜೆಗೆ ಮಾಲಗಾದಲ್ಲಿ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಆಂಡಲೂಸಿಯಾ ಸುತ್ತುವ ಲೆಕ್ಕ ಹಾಕುತ್ತಿದ್ದರೆ ಇದನ್ನು ಓದಿಕೊಂಡು ಹೊರಡಿ. ಆ ಪ್ರವಾಸ ಕೆಡುವುದು ಬಹುಪಾಲು ಒಂದೇ ರೀತಿಯಲ್ಲಿ.

ಮಧ್ಯಾಹ್ನ ಮೊಟ್ರಿಲ್ ಕಡಲತೀರದಲ್ಲಿ 17 ಡಿಗ್ರಿ, ಸ್ವೆಟರ್ ಬೇಡ. ಅಲ್ಲಿಂದ ಗ್ರಾನಾಡಾ ಎಪ್ಪತ್ತು ಕಿಲೋಮೀಟರ್ ಅಷ್ಟೇ, ಆದರೆ ದಾರಿ ಸುಮಾರು 700 ಮೀಟರ್ ಮೇಲೇರುತ್ತದೆ. ಜನವರಿಯಲ್ಲಿ ಅಲ್ಲಿನ ರಾತ್ರಿ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಗ್ವಾದಿಕ್ಸ್ ಊರು ಇನ್ನೂ ಎತ್ತರದಲ್ಲಿದೆ, 900 ಮೀಟರಿನ ಮೇಲೆ. ಸಿಯೆರಾ ನೆವಾಡಾದ ಹಿಮ ನೋಡೋಣ ಅಂತ ಎ-395 ರಸ್ತೆ ಹಿಡಿದರೆ 2,000 ಮೀಟರ್ ದಾಟುತ್ತೀರಿ. ನಕ್ಷೆಯಲ್ಲಿ ದಕ್ಷಿಣ ಅನ್ನುವುದನ್ನಷ್ಟೇ ನೋಡಿ ಎತ್ತರ ನೋಡದವರಿಗೆ ಕಷ್ಟ ಶುರುವಾಗುವುದು ಇಲ್ಲೇ.

ರಾತ್ರಿ ಎರಡರ ಸುಮಾರಿಗೆ ಹೀಟರ್ ಎರಡು ಮೂರು ಸಲ ಹೊತ್ತಿಕೊಳ್ಳಲು ನೋಡಿ, ಆಗದೆ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಒಲೆ ಹಚ್ಚಿದರೆ ಹತ್ತುತ್ತದೆ, ಉರಿ ಮಾತ್ರ ಸಣ್ಣದು. ಸಿಲಿಂಡರ್ ಅಲ್ಲಾಡಿಸಿದರೆ ಭಾರವಾಗಿಯೇ ಇದೆ, ಒಳಗೆ ಗ್ಯಾಸ್ ಕುಲುಕುವುದೂ ಕೇಳುತ್ತದೆ. ಹಾಗಾಗಿ ಎಲ್ಲರೂ ಹೀಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹೀಟರ್ ಸರಿಯಾಗಿಯೇ ಇರುತ್ತದೆ. ತೊಂದರೆ ಸಿಲಿಂಡರಿನಲ್ಲಿ.

ಸ್ಪೇನಿನಲ್ಲಿ ಎಲ್ಲ ಕಡೆ ಕಾಣುವ ಕಿತ್ತಳೆ ಬಣ್ಣದ 12.5 ಕಿಲೋ ಸಿಲಿಂಡರಿನಲ್ಲಿ ಇರುವುದು ಬ್ಯುಟೇನ್. ಕ್ಯಾಂಪಿಂಗ್‌ಗಾಸ್‌ನ ನೀಲಿ ಸಿಲಿಂಡರೂ ಅದೇ. ಬ್ಯುಟೇನ್ ದ್ರವದಿಂದ ಆವಿಯಾಗುವುದು ಮೈನಸ್ 0.5 ಡಿಗ್ರಿಯ ಮೇಲೆ. ಪ್ರೊಪೇನ್ ಮೈನಸ್ 42ರಲ್ಲೂ ಆವಿಯಾಗುತ್ತದೆ. ‘ಹೊರಗೆ ಇನ್ನೂ 4 ಡಿಗ್ರಿ ಇದೆಯಲ್ಲ’ ಅನ್ನಬೇಡಿ. ಗ್ಯಾಸ್ ಎಳೆದಷ್ಟೂ ಒಳಗಿನ ದ್ರವ ತನ್ನ ಶಾಖ ಕಳೆದುಕೊಂಡು ತಣ್ಣಗಾಗುತ್ತಾ ಹೋಗುತ್ತದೆ. ಹೀಟರ್ ಗಂಟೆಗೆ 160ರಿಂದ 320 ಗ್ರಾಂ ಎಳೆಯುತ್ತದೆ, ಒಲೆಯ ಒಂದು ಉರಿಗೆ ಅಷ್ಟು ಬೇಡ. ಅದಕ್ಕೇ ಒಲೆ ಹತ್ತುತ್ತದೆ, ಹೀಟರ್ ಹತ್ತುವುದಿಲ್ಲ. ಸಿಲಿಂಡರ್ ಅರ್ಧಕ್ಕಿಂತ ಕಡಿಮೆಯಾದ ಮೇಲೆ ಇದು ಇನ್ನೂ ಬೇಗ ಆಗುತ್ತದೆ. ನಮ್ಮ ಮನೆಯ ಎಲ್‌ಪಿಜಿಯಲ್ಲಿ ಬ್ಯುಟೇನ್, ಪ್ರೊಪೇನ್ ಎರಡೂ ಇರುತ್ತವೆ, ಬೆಂಗಳೂರಿನ ಜನವರಿಗೆ ಯಾರೂ ಅದರ ಬಗ್ಗೆ ಯೋಚಿಸಬೇಕಾಗಿಲ್ಲ. ಹಾಗಾಗಿ ಗ್ಯಾಸ್ ಅಂದರೆ ಗ್ಯಾಸ್ ಅನ್ನುವ ಅಭ್ಯಾಸ ನಮಗೆ.

ಗಾಡಿ ಕೈಗೆ ಬರುವಾಗಲೇ ಗ್ಯಾಸ್ ಡಬ್ಬಿಯ ಬಾಗಿಲು ತೆಗೆಸಿ ಸಿಲಿಂಡರ್ ಮೇಲಿನ ಹೆಸರು ಓದಿ. ‘ಪ್ರೊಪಾನೊ’ ಅಂತ ಇರಬೇಕು, ಅದು 11 ಕಿಲೋದ್ದು ಸಿಗುತ್ತದೆ. ‘ಬುಟಾನೊ’ ಅಂತಿದ್ದರೆ ಬದಲಿಸಿಕೊಡಿ ಅನ್ನಿ. ಆಮೇಲೆ ಮಾಡೋಣ ಅಂದರೆ ಆಗುವುದಿಲ್ಲ: ಪೆಟ್ರೋಲ್ ಬಂಕಿನಲ್ಲಿ ಅಲ್ಲಿನದೇ ಖಾಲಿ ಸಿಲಿಂಡರ್ ಕೊಟ್ಟರಷ್ಟೇ ತುಂಬಿದ್ದು ಕೊಡುತ್ತಾರೆ. ಜರ್ಮನಿಯ ಬೂದು ಸಿಲಿಂಡರ್ ಒಯ್ದವರಿಗೆ ಸ್ಪೇನಿನಲ್ಲಿ ಬದಲಿ ಸಿಗುವುದಿಲ್ಲ, ರೆಗ್ಯುಲೇಟರಿನ ಬಾಯಿಯೂ ಬೇರೆ. ಸೊನ್ನೆ ಡಿಗ್ರಿಯ ರಾತ್ರಿಗಳಲ್ಲಿ ದಿನಕ್ಕೆ ಎರಡರಿಂದ ಮೂರು ಕಿಲೋ ಹೋಗುತ್ತದೆ ಅಂತ ಹಿಡಿಯಿರಿ. ಹನ್ನೊಂದು ಕಿಲೋ ನಾಲ್ಕು ದಿನಕ್ಕೆ ಮುಗಿಯಿತು.

ಸ್ವಂತ ಗಾಡಿಯಲ್ಲಿ ಆಟೋಗ್ಯಾಸ್, ಅಂದರೆ ಬಂಕಿನಲ್ಲಿ ವಾಹನಗಳಿಗೆ ಹಾಕುವ ಎಲ್‌ಪಿಜಿ, ತುಂಬಿಸುವ ಟ್ಯಾಂಕ್ ಇದ್ದವರಿಗೂ ಒಂದು ಮಾತು. ಬಂಕಿನ ಆಟೋಗ್ಯಾಸ್ ಪ್ರೊಪೇನ್, ಬ್ಯುಟೇನ್ ಎರಡರ ಮಿಶ್ರಣ. ಚಳಿಯಲ್ಲಿ ಪ್ರೊಪೇನ್ ಮೊದಲು ಹಾರಿಹೋಗಿ ಬ್ಯುಟೇನ್ ತಳದಲ್ಲಿ ಉಳಿಯುತ್ತದೆ. ಮತ್ತೆ ಮತ್ತೆ ಮೇಲಿಂದ ತುಂಬಿಸಿದರೆ ಆ ತಳದ ಪಾಲು ಹೆಚ್ಚುತ್ತಾ ಹೋಗುತ್ತದೆ, ಮೀಟರ್ ಅರ್ಧ ತೋರಿಸುವಾಗಲೇ ಹೀಟರ್ ನಿಲ್ಲುತ್ತದೆ. ಬೆಟ್ಟ ಹತ್ತುವ ಮುಂಚೆ ಕರಾವಳಿಯ ಬೆಚ್ಚಗಿನ ರಾತ್ರಿಗಳಲ್ಲೇ ಆ ಉಳಿಕೆಯನ್ನು ಉರಿಸಿ ಖಾಲಿ ಮಾಡಿ. ತಣ್ಣಗಾದ ಸಿಲಿಂಡರಿಗೆ ಬೆಂಕಿ ತೋರಿಸುವುದು, ಅದನ್ನು ಎತ್ತಿ ಗಾಡಿಯೊಳಗೆ ಮಲಗುವ ಜಾಗಕ್ಕೆ ತರುವುದು, ಎರಡೂ ಪ್ರಾಣಕ್ಕೆ ಕುತ್ತು.

ಹೀಟರ್ ನಿಂತ ಮೇಲೆ ಎರಡನೆಯ ಪೆಟ್ಟು. ಗಾಳಿ, ನೀರು ಎರಡನ್ನೂ ಬಿಸಿ ಮಾಡುವ ಟ್ರುಮಾ ಕಾಂಬಿ ಹೀಟರ್ ಇರುವ ಗಾಡಿಗಳಲ್ಲಿ ಹತ್ತು ಲೀಟರಿನ ಬಾಯ್ಲರ್ ಒಡೆಯದಿರಲಿ ಅಂತ ಒಂದು ವಾಲ್ವ್ ಇರುತ್ತದೆ, ಸಾಮಾನ್ಯವಾಗಿ ಬೀರು ಅಥವಾ ಸೀಟಿನ ಕೆಳಗಿನ ತಣ್ಣನೆಯ ಮೂಲೆಯಲ್ಲಿ. ಅದರ ಸುತ್ತ ಸುಮಾರು 3 ಡಿಗ್ರಿಗೆ ಇಳಿದರೆ ಟಕ್ ಅಂತ ತಾನೇ ತೆರೆದುಕೊಂಡು ಬಾಯ್ಲರಿನ ನೀರನ್ನೆಲ್ಲ ಗಾಡಿಯ ಕೆಳಗೆ ಸುರಿಯುತ್ತದೆ. ಅದು ಅದರ ಕೆಲಸ, ಸರಿಯೇ. ಆದರೆ ಒತ್ತಡ ನೋಡಿ ತಾನೇ ಓಡುವ ಪಂಪ್ ಇದ್ದು, ನೀವು ಅದನ್ನು ಆಫ್ ಮಾಡದೆ ಮಲಗಿದ್ದರೆ, ಒತ್ತಡ ಬಿತ್ತು ಅಂತ ಪಂಪ್ ಓಡತೊಡಗುತ್ತದೆ. ಬೆಳಿಗ್ಗೆ ಏಳುವಷ್ಟರಲ್ಲಿ ಟ್ಯಾಂಕಿನ ಕುಡಿಯುವ ನೀರೂ ಇಲ್ಲ, ಬ್ಯಾಟರಿಯೂ ಇಲ್ಲ, ಗಾಡಿಯ ಕೆಳಗೆ ಮಂಜುಗಡ್ಡೆ. ಮಲಗುವ ಮುಂಚೆ ಪಂಪಿನ ಸ್ವಿಚ್ ಆರಿಸುವುದು ಎರಡು ಸೆಕೆಂಡಿನ ಕೆಲಸ.

ವಾಲ್ವ್ ಮತ್ತೆ ಮುಚ್ಚಬೇಕಾದರೆ ಅಲ್ಲಿ ಸುಮಾರು 7 ಡಿಗ್ರಿ ಆಗಬೇಕು. ಅದಕ್ಕಿಂತ ತಣ್ಣಗಿದ್ದರೆ ಗುಂಡಿ ಒತ್ತಿದರೂ ನಿಲ್ಲುವುದಿಲ್ಲ. ಕೆಲವರು ಕ್ಲಿಪ್ ಸಿಕ್ಕಿಸಿ ಅದನ್ನು ಹಿಡಿದಿಡುತ್ತಾರೆ. ಹಾಗೆ ಮಾಡಿ ಒಳಗೆ ನೀರು ಹೆಪ್ಪುಗಟ್ಟಿ ಬಾಯ್ಲರ್ ಸೀಳಿದರೆ ಬಾಡಿಗೆಯ ಠೇವಣಿ ಪೂರ್ತಿ ಹೋಗುತ್ತದೆ. ನೀರಿಲ್ಲದೆಯೂ ಹೀಟರ್ ಗಾಳಿ ಬಿಸಿ ಮಾಡುತ್ತದೆ. ಮೊದಲು ಒಳಗನ್ನು ಬೆಚ್ಚಗೆ ಮಾಡಿ, ಆ ಮೂಲೆಯ ಬಾಗಿಲು ತೆರೆದಿಟ್ಟು ಬಿಸಿ ತಾಕಲು ಬಿಡಿ, ಆಮೇಲೆ ವಾಲ್ವ್ ಮುಚ್ಚಿ ನೀರು ತುಂಬಿಸಿ. ಬಳಸಿದ ನೀರಿನ ಟ್ಯಾಂಕ್ ಬಹಳಷ್ಟು ಗಾಡಿಗಳಲ್ಲಿ ಹೊರಗೆ, ಅಡಿಯಲ್ಲಿ ಇರುತ್ತದೆ. ಚಳಿ ರಾತ್ರಿಗೆ ಅದರ ಕೊಳಾಯಿ ತೆರೆದು ಕೆಳಗೊಂದು ಬಕೆಟ್ ಇಡಿ. ಬಕೆಟ್ಟಿನಲ್ಲಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಕುಟ್ಟಿ ಚೆಲ್ಲಬಹುದು, ಟ್ಯಾಂಕಿನಲ್ಲಿ ಗಟ್ಟಿಯಾದರೆ ಕಾಯುತ್ತಾ ಕೂರಬೇಕು.

ಗ್ಯಾಸ್ ಉಳಿಸಲು ಕ್ಯಾಂಪಿಂಗ್ ತಾಣದಲ್ಲಿ ಕರೆಂಟ್ ಹಾಕಿಸಿಕೊಳ್ಳೋಣ ಅನ್ನುವವರು ಎಷ್ಟು ಆಂಪಿಯರ್ ಅಂತ ಮೊದಲೇ ಕೇಳಿ. 6 ಆಂಪಿಯರ್ ಅಂದರೆ 1,380 ವ್ಯಾಟ್. ಕರೆಂಟಿನಲ್ಲೂ ಓಡುವ ಕಾಂಬಿಯಲ್ಲಿ 900 ಮತ್ತು 1,800 ವ್ಯಾಟಿನ ಎರಡು ಹಂತಗಳಿರುತ್ತವೆ. ಇಲ್ಲಿ 900 ಮಾತ್ರ ನಡೆಯುತ್ತದೆ. ಮನೆಯಿಂದ ತಂದ 2,000 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದಿರೋ, ಕಂಬದ ಡಬ್ಬಿಯಲ್ಲಿ ಟ್ರಿಪ್. ರಾತ್ರಿ ಹತ್ತರ ಮೇಲೆ ಆ ಡಬ್ಬಿಯ ಬೀಗ ತೆಗೆಯುವವರು ಸಿಗುವುದು ಕಷ್ಟ.

ಸೋಲಾರ್ ಇದೆ ಅಂತ ನೆಚ್ಚಿಕೊಳ್ಳಬೇಡಿ. ಡಿಸೆಂಬರಿನಲ್ಲಿ ಗ್ರಾನಾಡಾದ ಮಧ್ಯಾಹ್ನದ ಸೂರ್ಯ ಏರುವುದು 30 ಡಿಗ್ರಿಯೊಳಗೆ; ಛಾವಣಿಗೆ ಚಪ್ಪಟೆಯಾಗಿ ಅಂಟಿಸಿದ ಪ್ಯಾನೆಲ್‌ಗೆ ಬೀಳುವುದು ಅರ್ಧದಷ್ಟು ಬೆಳಕು. ಲಿಥಿಯಂ ಬ್ಯಾಟರಿ ಗಾಡಿಯ ಹೊರಭಾಗದಲ್ಲಿದ್ದರೆ ಸೊನ್ನೆಗಿಂತ ಕೆಳಗೆ ಅದು ಚಾರ್ಜ್ ತೆಗೆದುಕೊಳ್ಳಬಾರದು.

ಅನ್ನ, ಸಾರು ಒಳಗೇ ಆಗಬೇಕು ನಮಗೆ. ಕುಕ್ಕರ್ ನಾಲ್ಕು ಸೀಟಿ ಹೊಡೆಯುವಷ್ಟರಲ್ಲಿ ಕಿಟಕಿಯಿಂದ ನೀರು ಇಳಿಯುತ್ತಿರುತ್ತದೆ. ಎರಡನೇ ದಿನಕ್ಕೆ ಹಾಸಿಗೆಯ ತಳ ಒದ್ದೆ, ವಾರಕ್ಕೆ ಬೂಷ್ಟು. ಅಡುಗೆ ಮಾಡುವಾಗ ಮೇಲಿನ ಗವಾಕ್ಷಿ ಸ್ವಲ್ಪ ತೆರೆಯಿರಿ, ಹಾಸಿಗೆಯನ್ನು ಬೆಳಿಗ್ಗೆ ಎತ್ತಿ ನಿಲ್ಲಿಸಿ. ನೆಲದಲ್ಲಿ, ಛಾವಣಿಯಲ್ಲಿ ಇರುವ ಕಾಯಂ ಗಾಳಿಕಂಡಿಗಳಿಂದ ಚಳಿ ಬರುತ್ತದೆ ಅಂತ ಬಟ್ಟೆ ತುರುಕುವುದು, ಹೀಟರ್ ನಿಂತಿತೆಂದು ಒಲೆ ಹಚ್ಚಿಟ್ಟು ಮಲಗುವುದು, ಇವೆರಡು ಸೇರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಅದಕ್ಕೆ ವಾಸನೆ ಇಲ್ಲ. ಬ್ಯಾಟರಿಯಲ್ಲಿ ಓಡುವ ಅಲಾರಂ ಒಂದನ್ನು ಮನೆಯಿಂದಲೇ ಒಯ್ಯಿರಿ.

ಇಷ್ಟೆಲ್ಲ ಬೇಡ, ಕಡಲತೀರದಲ್ಲೇ ಇರುತ್ತೇವೆ ಅನ್ನುವವರಿಗೆ ಅಲ್ಮೇರಿಯಾ, ಮುರ್ಸಿಯಾ ಕಡೆಯ ಒಣ ಹೊಳೆಪಾತ್ರಗಳ ಬಗ್ಗೆ ಗೊತ್ತಿರಲಿ. ರಾಂಬ್ಲಾ ಅನ್ನುತ್ತಾರೆ. ಸಮತಟ್ಟಾದ ಮರಳು, ಬಾಡಿಗೆ ಇಲ್ಲ, ಎದುರಿಗೇ ಸಮುದ್ರ, ಐದಾರು ಗಾಡಿ ಆಗಲೇ ನಿಂತಿರುತ್ತವೆ. ಅಲ್ಲಿ ರಾತ್ರಿ ನಿಲ್ಲಬೇಡಿ. 2024ರ ಅಕ್ಟೋಬರ್ 29ರಂದು ವೆಲೆನ್ಸಿಯಾ ಪ್ರಾಂತ್ಯದಲ್ಲಿ ಮಳೆ ಸುರಿದದ್ದು ಮೇಲಿನ ಚೀವಾ ಕಡೆ. ಪೊಯೊ ರಾಂಬ್ಲಾದಲ್ಲಿ ನೀರು ನುಗ್ಗಿ ಹಾಳಾದದ್ದು ಕೆಳಗಿನ ಪೈಪೋರ್ತಾದಂಥ ಊರುಗಳು, ಅಲ್ಲಿ ಮಳೆ ಬಿದ್ದದ್ದೇ ಅಷ್ಟಕ್ಕಷ್ಟೆ. ಆ ಪ್ರವಾಹದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ತಲೆಯ ಮೇಲೆ ನಕ್ಷತ್ರ ಕಾಣುತ್ತಿದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸ್ಪೇನಿನ ಹವಾಮಾನ ಸಂಸ್ಥೆ ಎಮೆಟ್ ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಹಂತದ ಎಚ್ಚರಿಕೆ ಕೊಡುತ್ತದೆ. ನೀವಿರುವ ಊರಿನದಷ್ಟೇ ಅಲ್ಲ, ಹೊಳೆ ಹುಟ್ಟುವ ಬೆಟ್ಟದ ಕಡೆಯದನ್ನೂ ನೋಡಿ. ಕಿತ್ತಳೆ ಕಂಡರೆ ಕತ್ತಲಾಗುವ ಮುಂಚೆ ಗಾಡಿಯನ್ನು ಎತ್ತರದ ಜಾಗಕ್ಕೆ ಒಯ್ಯಿರಿ.