ಗ್ರೀಕ್ ಪುರಾಣಕ್ಕೆ ನಾಲ್ಕು ದಾರಿ: ಓವಿಡನನ್ನು ಕೊನೆಗೆ ಇಟ್ಟುಕೊಳ್ಳಿ

ಗ್ರೀಕ್ ಪುರಾಣ ಓದಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ‘ಇದೇ ಮೂಲ’ ಎಂದು ಬೆರಳು ಮಾಡಿ ತೋರಿಸುವಂಥ ಒಂದು ಗ್ರಂಥ ಅದಕ್ಕಿಲ್ಲ. ಜೀಯಸ್, ಅಥೀನಾ, ಹೆರಾಕ್ಲಿಸ್, ಮೆಡೂಸಾ ಇವರೆಲ್ಲರ ಕಥೆ ಸುಮಾರು ಎಂಟು ಶತಮಾನಗಳ ಉದ್ದಕ್ಕೂ ಬೇರೆಬೇರೆ ಕವಿಗಳ, ಸಂಗ್ರಹಕಾರರ ಕೈಯಲ್ಲಿ ಚದುರಿಕೊಂಡಿದೆ. ಇವತ್ತು ಅಂಗಡಿಯಲ್ಲಿ ಸಿಗುವ ಸಂಗ್ರಹಗಳು ಆ ಚೂರುಗಳನ್ನೆಲ್ಲ ಸೇರಿಸಿ, ಮೊದಲಿನಿಂದಲೂ ಒಂದೇ ಕಥೆ ಇತ್ತೇನೋ ಎನ್ನುವಂತೆ ಹೇಳಿಬಿಡುತ್ತವೆ. ಯಾವ ಮಾತು ಯಾರದು ಅನ್ನುವುದು ಓದುಗನಿಗೆ ತಿಳಿಯುವುದೇ ಇಲ್ಲ.

ಹಾಗಾಗಿ ನಾನು ಸಂಗ್ರಹಗಳನ್ನು ಬದಿಗಿಟ್ಟು ಹಳಬರಲ್ಲೇ ನಾಲ್ವರನ್ನು ಆರಿಸಿಕೊಂಡೆ. ಓದಿದ್ದು ಇಂಗ್ಲಿಷ್ ಅನುವಾದಗಳಲ್ಲಿ. ಕ್ರಿ.ಪೂ. 700ರ ಆಸುಪಾಸಿನ ಹೆಸಿಯಡ್ ಒಬ್ಬ. ಹೋಮರನ ಹೆಸರಿನಲ್ಲಿ ಬಂದಿರುವ, ಆದರೆ ಅವನದಲ್ಲದ, ಬೆಳೆಯ ದೇವಿ ಡಿಮೀಟರಳ ಸ್ತೋತ್ರ ಎರಡನೆಯದು. ಕ್ರಿ.ಶ. 1 ಅಥವಾ 2ನೇ ಶತಮಾನದಲ್ಲಿ ಯಾರೋ ಬರೆದಿಟ್ಟ, ಅಪೊಲೊಡೋರಸನ ಹೆಸರಿಗೆ ಅಂಟಿಕೊಂಡಿರುವ ‘ಗ್ರಂಥಭಂಡಾರ’ ಮೂರನೆಯದು. ನಾಲ್ಕನೆಯವನು ರೋಮಿನ ಓವಿಡ್, ಅವನ ‘ರೂಪಾಂತರಗಳು’. ಹೋಮರನ ಎರಡು ಮಹಾಕಾವ್ಯಗಳನ್ನೂ ಅಥೆನ್ಸಿನ ದುರಂತ ನಾಟಕಗಳನ್ನೂ ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಅವು ಪುರಾಣದ ಒಂದು ತುಣುಕನ್ನು ಎತ್ತಿಕೊಂಡು ಅದರಲ್ಲೇ ಆಳಕ್ಕೆ ಇಳಿಯುತ್ತವೆ. ಸೊಫೋಕ್ಲೀಸನ ಏಜಾಕ್ಸನನ್ನು ಬಿ.ಎಂ.ಶ್ರೀ ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದ ಕಡೆಯಿಂದ ಆ ದಾರಿ ಹಿಡಿಯಬಹುದು, ಅದರ ಮಾತು ಬೇರೆ.

ಒಂದೇ ಕಥೆಯನ್ನು ಇವರಲ್ಲಿ ಅಕ್ಕಪಕ್ಕ ಇಟ್ಟು ಓದುವುದು ನನ್ನ ಪರೀಕ್ಷೆಯ ವಿಧಾನ. ನೋಟದಿಂದಲೇ ಕೊಲ್ಲುವ ರಾಕ್ಷಸಿ ಮೆಡೂಸಾಳಿಂದ ಶುರುಮಾಡುತ್ತೇನೆ, ಏಕೆಂದರೆ ನಾಲ್ವರನ್ನು ಯಾವ ಕ್ರಮದಲ್ಲಿ ಓದಬೇಕು ಅನ್ನುವ ನನ್ನ ತೀರ್ಮಾನ ಹುಟ್ಟಿದ್ದೇ ಅವಳಿಂದ.

ಹೆಸಿಯಡನಲ್ಲಿ ಮೆಡೂಸಾ ಮೂವರು ಗಾರ್ಗನ್ ಸೋದರಿಯರಲ್ಲಿ ಒಬ್ಬಳು. ಇನ್ನಿಬ್ಬರಿಗೆ ಸಾವಿಲ್ಲ, ಮುಪ್ಪಿಲ್ಲ. ಇವಳಿಗೆ ಮಾತ್ರ ಸಾವುಂಟು. ವಸಂತದ ಹೂಗಳ ನಡುವೆ, ಮೆತ್ತನೆಯ ಹುಲ್ಲುಗಾವಲಿನಲ್ಲಿ ಸಮುದ್ರದೇವ ಪೊಸೈಡನ್ ಅವಳನ್ನು ಕೂಡುತ್ತಾನೆ. ವೀರ ಪರ್ಸಿಯಸ್ ತಲೆ ಕಡಿದಾಗ ಅವಳ ದೇಹದಿಂದ ಕ್ರಿಸೇಯರ್ ಎಂಬ ವೀರನೂ ಪೆಗಸಸ್ ಕುದುರೆಯೂ ಹೊರಗೆ ಚಿಮ್ಮುತ್ತಾರೆ. ಅಷ್ಟೇ. ಶಾಪವಿಲ್ಲ, ದೇವಿ ಅಥೀನಾಳ ಕೋಪವಿಲ್ಲ, ಮಾನವ ಕನ್ಯೆ ರಾಕ್ಷಸಿಯಾದ ಪ್ರಸಂಗವೂ ಇಲ್ಲ. ಅವಳು ಹುಟ್ಟಿದ್ದೇ ಗಾರ್ಗನ್ ಆಗಿ.

ಅಪೊಲೊಡೋರಸನಲ್ಲಿ ಕಥೆ ಉದ್ದವಾಗುತ್ತದೆ. ಸೆರಿಫೋಸ್ ದ್ವೀಪದ ದೊರೆ ಪಾಲಿಡೆಕ್ಟಿಸ್ ಪರ್ಸಿಯಸನನ್ನು ಈ ಕೆಲಸಕ್ಕೆ ಕಳಿಸುವುದು, ಮೂವರಿಗೂ ಸೇರಿ ಒಂದೇ ಕಣ್ಣು ಒಂದೇ ಹಲ್ಲು ಇರುವ ಮುದುಕಿಯರು, ರೆಕ್ಕೆಯ ಪಾದರಕ್ಷೆ, ತೊಟ್ಟವರನ್ನು ಮರೆಮಾಡುವ, ಪಾತಾಳದ ದೊರೆ ಹೇಡಿಸನ ಶಿರಸ್ತ್ರಾಣ, ಕಂಚಿನ ಗುರಾಣಿಯಲ್ಲಿ ಪ್ರತಿಬಿಂಬ ನೋಡುತ್ತಾ ಕತ್ತರಿಸುವುದು, ಎಲ್ಲವೂ ಸಾಲಾಗಿ ಬರುತ್ತವೆ. ಕೊನೆಗೆ ಅವನು ಸುಮ್ಮನೆ ಒಂದು ಮಾತು ಸೇರಿಸುತ್ತಾನೆ: ಮೆಡೂಸಾ ಸೌಂದರ್ಯದಲ್ಲಿ ಅಥೀನಾಳಿಗೆ ಸರಿಸಾಟಿಯಾಗಲು ಹೋದದ್ದೇ ಅವಳ ತಲೆ ಹೋಗಲು ಕಾರಣ ಎಂದು ಕೆಲವರು ಹೇಳುತ್ತಾರಂತೆ. ಇನ್ನೊಂದು ಕಡೆ, ಅವಳ ರಕ್ತದ ವಿಷಯ. ಎಡಗಡೆಯ ನರದಿಂದ ಬಂದದ್ದು ಕೊಲ್ಲುತ್ತದೆ, ಬಲಗಡೆಯದು ಬದುಕಿಸುತ್ತದೆ. ಅಥೀನಾ ಕೊಟ್ಟ ಅದೇ ರಕ್ತದಿಂದ ವೈದ್ಯ ಅಸ್ಕ್ಲಿಪಿಯಸ್ ಸತ್ತವರನ್ನು ಎಬ್ಬಿಸುತ್ತಿದ್ದ. ನನಗೆ ಈ ಎರಡನೆಯ ವಿವರ ತುಂಬ ಹಿಡಿಸಿತು. ನೋಟದಿಂದಲೇ ಕೊಲ್ಲುವವಳ ಮೈಯಲ್ಲಿ ಜೀವ ಕೊಡುವ ಔಷಧಿಯೂ ಇತ್ತು ಅನ್ನುವುದನ್ನು ಸಂಗ್ರಹಗಳಲ್ಲಿ ನಾನು ಅಪರೂಪಕ್ಕೆ ಕಂಡಿದ್ದೇನೆ.

ಓವಿಡನಲ್ಲಿ ಎಲ್ಲವೂ ಬದಲಾಗುತ್ತದೆ. ಮೆಡೂಸಾ ಚೆಲುವೆ, ಅದರಲ್ಲೂ ಅವಳ ಕೂದಲು ಎಲ್ಲರ ಕಣ್ಣು ಸೆಳೆಯುವಂಥದ್ದು. ಸಮುದ್ರದೇವ ಅವಳ ಮೇಲೆ ಅತ್ಯಾಚಾರ ಮಾಡುವುದು ಮಿನರ್ವಾಳ (ಅಥೀನಾಳಿಗೆ ರೋಮನ್ನರ ಹೆಸರು) ಗುಡಿಯಲ್ಲೇ. ದೇವಿ ಮುಖ ತಿರುಗಿಸಿಕೊಳ್ಳುತ್ತಾಳೆ, ಆಮೇಲೆ ಶಿಕ್ಷೆ ಕೊಡುವುದು ಮಾತ್ರ ಆ ಹೆಣ್ಣಿಗೆ: ಕೂದಲೆಲ್ಲ ಹಾವು. ಓವಿಡ್ ಇದನ್ನು ಬೆರಳೆಣಿಕೆಯ ಸಾಲುಗಳಲ್ಲಿ, ಪರ್ಸಿಯಸನ ಬಾಯಲ್ಲಿ, ಮದುವೆಯೂಟದ ಹೊತ್ತಿನ ಮಾತಾಗಿ ಹೇಳಿಸಿ ಮುಂದೆ ಹೋಗುತ್ತಾನೆ. ಇವತ್ತು ಜಗತ್ತಿನಲ್ಲಿ ಯಾರನ್ನೇ ಕೇಳಿ, ಅವರು ಹೇಳುವ ಮೆಡೂಸಾ ಇವಳೇ.

ಓವಿಡನನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕಾಗಿ. ಅವನನ್ನು ಮೊದಲು ಓದಿದರೆ ಹೆಸಿಯಡನ ಮೆಡೂಸಾ ಏನೋ ಅರ್ಧಂಬರ್ಧ ಹೇಳಿದ ಕಥೆಯಂತೆ ಕಾಣುತ್ತಾಳೆ. ವಾಸ್ತವದಲ್ಲಿ ಹೆಸಿಯಡನದು ಅವನಿಗಿಂತ ಸುಮಾರು ಏಳು ಶತಮಾನ ಹಳೆಯದು ಮತ್ತು ತನ್ನಷ್ಟಕ್ಕೆ ಪೂರ್ಣ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ, ಕುಮಾರವ್ಯಾಸನಲ್ಲಿ ಐವರ ಮಡದಿ. ಎರಡನ್ನೂ ಮನಸ್ಸಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಅಭ್ಯಾಸ ನಮಗಿದೆ. ಗ್ರೀಕರ ವಿಷಯದಲ್ಲೂ ಅದೇ ಅಭ್ಯಾಸ ಬೇಕು.

ಎರಡನೆಯ ಪರೀಕ್ಷೆ ಡಿಮೀಟರಳ ಮಗಳು ಪರ್ಸೆಫೊನಿಯ ಅಪಹರಣ. ಹೆಸಿಯಡ್ ಇದನ್ನು ಎರಡು ಮೂರು ಸಾಲಿನಲ್ಲಿ ಮುಗಿಸುತ್ತಾನೆ: ಹೇಡಿಸ್ ಅವಳನ್ನು ತಾಯಿಯಿಂದ ಕಿತ್ತುಕೊಂಡು ಹೋದ, ದೇವತೆಗಳ ದೊರೆ ಜೀಯಸನೇ ಕೊಟ್ಟಿದ್ದ. ಅಪೊಲೊಡೋರಸನಲ್ಲಿ ಸುಮಾರು ಒಂದು ಪುಟ. ಓವಿಡನಲ್ಲಿ ಕಥೆ ಸಿಸಿಲಿಯ ಎನ್ನಾ ಬಳಿಯ ಸರೋವರದ ದಡದಲ್ಲಿ ನಡೆಯುತ್ತದೆ. ಪಾತಾಳವೂ ತನ್ನ ಹಿಡಿತಕ್ಕೆ ಬರಲಿ ಎಂದು ಪ್ರೇಮದೇವಿ ವೀನಸ್ ಮಗನಿಂದ ಬಾಣ ಬಿಡಿಸುತ್ತಾಳೆ, ದಾರಿಗಡ್ಡ ನಿಂತ ಸಿಯಾನಿ ಎಂಬ ಜಲಕನ್ಯೆ ಕಣ್ಣೀರಾಗಿ ಕರಗಿ ತನ್ನದೇ ಕೊಳದಲ್ಲಿ ಸೇರಿಹೋಗುತ್ತಾಳೆ. ಚೆಂದದ ದೃಶ್ಯಗಳು. ಆದರೆ ತಾಯಿಯ ದುಃಖ ಕಥೆಯ ಒಂದು ಭಾಗವಾಗಿ ಮಾತ್ರ ಉಳಿಯುತ್ತದೆ.

ಡಿಮೀಟರ್ ಸ್ತೋತ್ರ ಈ ಮೂವರನ್ನೂ ಹಿಂದೆ ಹಾಕುವುದು ಇಲ್ಲಿಯೇ. ಒಟ್ಟು 495 ಸಾಲು, ಒಂದೇ ಸಂಜೆಗೆ ಓದಿ ಮುಗಿಸಬಹುದು. ಅದರ ತುಂಬ ಇರುವುದು ಮಗಳನ್ನು ಕಳೆದುಕೊಂಡ ತಾಯಿ. ಒಂಬತ್ತು ದಿನ ಅವಳು ಪಂಜು ಹಿಡಿದು ಅಲೆಯುತ್ತಾಳೆ, ಅಮೃತ ಮುಟ್ಟುವುದಿಲ್ಲ, ಮೈಗೆ ನೀರು ಹಾಕಿಕೊಳ್ಳುವುದಿಲ್ಲ. ಅಪಹರಣಕ್ಕೆ ಒಪ್ಪಿಗೆ ಕೊಟ್ಟದ್ದು ಮಗಳ ತಂದೆ ಜೀಯಸನೇ ಎಂದು ಸೂರ್ಯನಿಂದ ತಿಳಿದ ಮೇಲೆ ದೇವಲೋಕವನ್ನೇ ಬಿಟ್ಟು, ಮುದುಕಿಯ ವೇಷದಲ್ಲಿ ಎಲ್ಯೂಸಿಸಿನ ಬಾವಿಕಟ್ಟೆಯ ಬಳಿ ಕುಳಿತುಕೊಳ್ಳುತ್ತಾಳೆ. ನೀರಿಗೆ ಬಂದ ಅರಸು ಮನೆತನದ ನಾಲ್ವರು ಹುಡುಗಿಯರು ‘ಯಾಕಜ್ಜಿ, ಊರೊಳಗೆ ಬರದೆ ಇಲ್ಲಿ ಕೂತೆ’ ಎಂಬಂತೆ ವಿಚಾರಿಸುತ್ತಾರೆ. ಮನೆಗೆ ಕರೆದೊಯ್ದರೆ ಅವಳು ಒಳ್ಳೆಯ ಪೀಠ ಬೇಡವೆಂದು ಕುರಿಯ ತೊಗಲು ಹಾಸಿದ ಸಾದಾ ಮಣೆ ಸಾಕೆನ್ನುತ್ತಾಳೆ. ಮಾತಿಲ್ಲ, ನಗುವಿಲ್ಲ. ಇಯಾಂಬಿ ಎಂಬ ಸೇವಕಿ ಏನೇನೋ ಹಾಸ್ಯ ಮಾಡಿ ನಗಿಸುತ್ತಾಳೆ. ದ್ರಾಕ್ಷಾರಸ ಒಲ್ಲೆನೆಂದು ಜವೆ ಹಿಟ್ಟು, ನೀರು, ಪುದೀನ ಜಾತಿಯ ಸೊಪ್ಪು ಬೆರೆಸಿದ ಪಾನೀಯ ಕೇಳಿ ಕುಡಿಯುತ್ತಾಳೆ.

ಆ ಮನೆಯ ಕೂಸು ಡಿಮೊಫೋನನನ್ನು ಅಮರನನ್ನಾಗಿ ಮಾಡಲು ಅವಳು ಪ್ರತಿರಾತ್ರಿ ಬೆಂಕಿಯಲ್ಲಿ ಇಡುತ್ತಾಳೆ. ಹೆತ್ತ ತಾಯಿ ನೋಡಿ ಕಿರುಚಿದಾಗ ದೇವಿ ಮಗುವನ್ನು ನೆಲಕ್ಕೆ ಇಳಿಸಿ, ಇವನಿಗಿನ್ನು ಸಾವು ತಪ್ಪದು ಎನ್ನುತ್ತಾಳೆ. ಮಗಳನ್ನು ಕಳೆದುಕೊಂಡವಳು ಸಾವಿಲ್ಲದ ಮಗನೊಬ್ಬನನ್ನು ಮಾಡಿಕೊಳ್ಳಲು ಹೊರಟಿದ್ದಳು ಎಂದು ಕವಿ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಓದುವಾಗ ಅದು ತಾನಾಗಿ ಹೊಳೆಯುತ್ತದೆ, ಹೊಳೆದಾಗ ಗಂಟಲು ಕಟ್ಟುತ್ತದೆ. ಅಪೊಲೊಡೋರಸನಲ್ಲಿ ಇದೇ ಮಗು ಬೆಂಕಿಯಲ್ಲಿ ಸುಟ್ಟೇಹೋಗುತ್ತದೆ! ಒಂದೇ ವಾಕ್ಯದಲ್ಲಿ ಹಾಗೆ ಹೇಳಿ ಅವನು ಮುಂದಿನ ಸಂಗತಿಗೆ ಹೋಗುತ್ತಾನೆ.

ದಾಳಿಂಬೆಯ ಲೆಕ್ಕವೂ ಒಬ್ಬೊಬ್ಬರಲ್ಲಿ ಒಂದೊಂದು. ಸ್ತೋತ್ರದಲ್ಲಿ ಹೇಡಿಸ್ ಗುಟ್ಟಾಗಿ ತಿನ್ನಿಸುವುದು ಒಂದೇ ಕಾಳು, ಅದರ ಫಲವಾಗಿ ವರ್ಷದ ಮೂರನೇ ಒಂದು ಭಾಗ ಅವಳು ಪಾತಾಳದಲ್ಲಿ. ಓವಿಡನಲ್ಲಿ ಅವಳೇ ತೋಟದಲ್ಲಿ ಹಣ್ಣು ಕಿತ್ತು ಏಳು ಕಾಳು ತಿನ್ನುತ್ತಾಳೆ, ಅಲ್ಲಿ ವರ್ಷ ಸರಿಯಾಗಿ ಎರಡು ಪಾಲು. ‘ಆರು ತಿಂಗಳು ಮೇಲೆ, ಆರು ತಿಂಗಳು ಕೆಳಗೆ’ ಎಂದು ನೀವು ಎಲ್ಲಿಯಾದರೂ ಓದಿದ್ದರೆ ಅದು ರೋಮಿನ ಲೆಕ್ಕ.

ಎಲ್ಯೂಸಿಸ್ ಅಥೆನ್ಸಿನ ಪಶ್ಚಿಮಕ್ಕಿರುವ ನಿಜವಾದ ಊರು. ಅಲ್ಲಿನ ಗುಟ್ಟಿನ ವ್ರತಾಚರಣೆಗಳು ಕ್ರಿ.ಶ. 4ನೇ ಶತಮಾನದವರೆಗೂ ನಡೆದವು. ಸ್ತೋತ್ರದ ಹಿಂದೆ ಜೀವಂತ ಪೂಜೆಯಿತ್ತು ಅನ್ನುವುದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. ಇಂಥ ಕೃತಿಯ ಹಸ್ತಪ್ರತಿ ಯುರೋಪಿನ ವಿದ್ವಾಂಸರ ಕೈಗೆ ಸಿಕ್ಕಿದ್ದು 1777ರಲ್ಲಿ, ಮಾಸ್ಕೋದಲ್ಲಿ. ಅಲ್ಲಿಯವರೆಗೆ ಎಲ್ಲರೂ ಈ ಕಥೆಯನ್ನು ಹೆಚ್ಚಾಗಿ ಓವಿಡನ ಕಣ್ಣಿನಿಂದಲೇ ನೋಡಿದ್ದರು.

ಇನ್ನು ಒಬ್ಬೊಬ್ಬರನ್ನು ಓದುವ ಅನುಭವ. ಹೆಸಿಯಡನ ‘ದೇವವಂಶಾವಳಿ’ ಸುಮಾರು ಸಾವಿರ ಸಾಲು, ಆದರೆ ಸಲೀಸಾದ ಓದಲ್ಲ. ಹೆಸರಿನ ಮೇಲೆ ಹೆಸರು. ಸಾಗರಪುತ್ರಿಯರ ಪಟ್ಟಿಯೇ ಸಾಕಷ್ಟು ಉದ್ದ. ಅದನ್ನು ದಾಟಿದರೆ ಸಿಗುವುದು ಮಾತ್ರ ಬೇರೆ ಯಾರಲ್ಲೂ ಇಲ್ಲದ ಬಲ. ಆಕಾಶ ಭೂಮಿಯ ಮೇಲೆ ಒತ್ತಿಕೊಂಡು ಮಕ್ಕಳು ಹೊರಬರದಂತೆ ತಡೆಯುತ್ತಾನೆ, ಮಗ ಕ್ರೋನಸ್ ಕುಡುಗೋಲಿನಿಂದ ತಂದೆಯ ಪುರುಷತ್ವ ಕೊಯ್ದು ಸಮುದ್ರಕ್ಕೆ ಎಸೆಯುತ್ತಾನೆ, ಆ ನೊರೆಯಿಂದ ಅಫ್ರೋಡೈಟಿ ಎದ್ದುಬರುತ್ತಾಳೆ. ಅದೇ ಕ್ರೋನಸ್ ಮುಂದೆ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನುಂಗುತ್ತಾನೆ. ಕೊನೆಯವನ ಬದಲು ಬಟ್ಟೆ ಸುತ್ತಿದ ಕಲ್ಲನ್ನು ನುಂಗಿ ಮೋಸಹೋಗುತ್ತಾನೆ. ಜೀಯಸ್ ಆ ಕಲ್ಲನ್ನು ಡೆಲ್ಫಿಯಲ್ಲಿ ನೆಡುತ್ತಾನೆ. ಮಗ ತಂದೆಯನ್ನು ಉರುಳಿಸುವ ಈ ಸರಪಳಿ ಜೀಯಸನಲ್ಲಿ ನಿಲ್ಲುವುದು ಹೇಗೆ ಅನ್ನುವುದೇ ಇಡೀ ಕಾವ್ಯದ ಪ್ರಶ್ನೆ. ತನ್ನ ಗರ್ಭಿಣಿ ಹೆಂಡತಿ ಮೀಟಿಸಳನ್ನೇ ಅವನು ನುಂಗಿಬಿಡುವುದು ಅದಕ್ಕೆ ಉತ್ತರ. ಅಥೀನಾ ತಂದೆಯ ತಲೆಯಿಂದ ಹುಟ್ಟಿದ್ದೇಕೆ ಎಂದು ಅರ್ಥವಾಗಬೇಕಾದರೆ ಹೆಸಿಯಡನಿಗೇ ಬರಬೇಕು. ಅವನು ಹೇಳುವ ಮೊದಲ ಹೆಣ್ಣು ಪಂಡೋರಾಳ ಪ್ರಸಂಗ ಮಾತ್ರ ನನಗೆ ಕಹಿಯಾಯಿತು. ಹೆಣ್ಣೆಂದರೆ ಜೇನುಗೂಡಿನಲ್ಲಿ ದುಡಿಯದೆ ತಿನ್ನುವ ನೊಣ ಎಂದು ಬಿಡುವಿಲ್ಲದೆ ಹಳಿಯುತ್ತಾನೆ. ಕವಿತೆಯ ಶಕ್ತಿಯನ್ನು ಮೆಚ್ಚಿದ್ದೇನೆಂದು ಈ ಮಾತನ್ನು ಒಪ್ಪಲಾರೆ.

ಅಪೊಲೊಡೋರಸನಲ್ಲಿ ಕಾವ್ಯವೇ ಇಲ್ಲ. ಒಣ ಗದ್ಯ, ವಂಶಾವಳಿ, ಊರಿನ ಹೆಸರು. ಒಂದೇ ಪಟ್ಟಿಗೆ ಕೂತು ಓದಲು ಆಗಲಿಲ್ಲ, ಓದಬೇಕಾಗಿಯೂ ಇಲ್ಲ. ಆದರೆ ನಾಲ್ವರಲ್ಲಿ ನಾನು ಮತ್ತೆಮತ್ತೆ ತೆರೆಯುವುದು ಅವನನ್ನೇ. ಕಾರಣ ಅವನ ಪ್ರಾಮಾಣಿಕತೆ: ‘ಹೆಸಿಯಡ್ ಹೀಗೆನ್ನುತ್ತಾನೆ, ಇನ್ನು ಕೆಲವರು ಹಾಗೆನ್ನುತ್ತಾರೆ’ ಎಂದು ಭೇದಗಳನ್ನು ಮುಚ್ಚಿಡದೆ ಬರೆಯುತ್ತಾನೆ. ಹೆರಾಕ್ಲಿಸನ ಹನ್ನೆರಡು ಸಾಹಸಗಳನ್ನು ಇಷ್ಟು ಕ್ರಮವಾಗಿ ಹೇಳುವುದು ಇವರಲ್ಲಿ ಅವನೊಬ್ಬನೇ. ಅಲ್ಲೊಂದು ಸ್ವಾರಸ್ಯವಿದೆ. ಮೊದಲು ವಿಧಿಸಿದ್ದು ಹತ್ತೇ. ಹಲವು ತಲೆಯ ಹೈಡ್ರಾವನ್ನು ಕೊಲ್ಲುವಾಗ ತಮ್ಮನ ಮಗ, ಅಂದರೆ ಜೊತೆಹುಟ್ಟಿದ ಇಫಿಕ್ಲಿಸನ ಮಗ ಇಯೊಲಾಸ್ ನೆರವಾದ ಎಂದು ಒಂದನ್ನು, ಆಜಿಯಸನ ಕೊಟ್ಟಿಗೆ ತೊಳೆದದ್ದಕ್ಕೆ ಕೂಲಿ ಕೇಳಿದ ಎಂದು ಇನ್ನೊಂದನ್ನು, ಅವುಗಳನ್ನು ವಿಧಿಸಿದ ದೊರೆ ಯೂರಿಸ್ಥಿಯಸ್ ಲೆಕ್ಕದಿಂದ ತೆಗೆದುಹಾಕುತ್ತಾನೆ. ಹನ್ನೆರಡಾದದ್ದು ಹಾಗೆ.

ಓವಿಡನ ಬಗ್ಗೆ ಕೊನೆಗೆ ಹೇಳುತ್ತಿರುವುದು ಅವನನ್ನು ಕಡಿಮೆ ಮಾಡಲು ಅಲ್ಲ. ಓದಿನ ಸುಖಕ್ಕೆ ನಾಲ್ವರಲ್ಲಿ ಅವನೇ ಮೊದಲು. 15 ಪರ್ವ, ಸುಮಾರು 12,000 ಸಾಲು, ಆದರೂ ಕಥೆಯೊಳಗಿಂದ ಕಥೆ ಹುಟ್ಟುತ್ತಾ ಎಲ್ಲಿಯೂ ಬೇಸರವಾಗದು. ಫ್ರಿಜಿಯಾದ ಬಡ ಮುದಿ ದಂಪತಿ ಬಾಸಿಸ್ ಮತ್ತು ಫಿಲಿಮನ್ ಕಥೆ ನಮಗೆ ಅವನಿಂದ ಮಾತ್ರ ಸಿಕ್ಕಿದೆ. ಮನುಷ್ಯವೇಷದ ದೇವರಿಗೆ ಊಟ ಬಡಿಸಲು ಆ ಮುದುಕಿ ಮೇಜಿನ ಗಿಡ್ಡ ಕಾಲಿನ ಕೆಳಗೆ ಮಡಕೆಯ ಚೂರು ಇಟ್ಟು ಸಮ ಮಾಡುವ ವಿವರವನ್ನು ಬರೆಯಲು ಎಂಥ ಪ್ರೀತಿಯ ಕಣ್ಣು ಬೇಕು! ನೇಯ್ಗೆಯಲ್ಲಿ ಮಿನರ್ವಾಳಿಗೆ ಸವಾಲು ಹಾಕಿದ ಅರಾಕ್ನೆ ತನ್ನ ಬಟ್ಟೆಯ ಮೇಲೆ ನೇಯುವುದು ದೇವತೆಗಳು ಹೆಣ್ಣುಗಳಿಗೆ ಮಾಡಿದ ವಂಚನೆಗಳನ್ನು. ಆ ನೇಯ್ಗೆಯಲ್ಲಿ ದೇವಿಗೂ ಕುಂದು ಸಿಗುವುದಿಲ್ಲ, ಹಾಗಾಗಿಯೇ ಹರಿದುಹಾಕುತ್ತಾಳೆ. ಅಯೋ, ಕಲಿಸ್ಟೋ, ಮೆಡೂಸಾ, ಎಲ್ಲ ಕಡೆ ತಪ್ಪು ಮಾಡುವವರು ದೇವರು, ಅನುಭವಿಸುವವರು ಹೆಣ್ಣುಗಳು. ದೇವರನ್ನು ಲಂಗುಲಗಾಮಿಲ್ಲದ ಅಧಿಕಾರಸ್ಥರಂತೆ ಚಿತ್ರಿಸಿದ ಈ ಕವಿಯನ್ನು ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಕಪ್ಪುಸಮುದ್ರದ ದಡದ ಟೋಮಿಸಿಗೆ ಗಡೀಪಾರು ಮಾಡಿದ. ಇದು ಗ್ರೀಕರ ಭಕ್ತಿಯ ಪುರಾಣವಲ್ಲ, ರೋಮಿನ ಒಬ್ಬ ಮಹಾಕವಿಯ ಸ್ವಂತ ದೃಷ್ಟಿ ಎಂದು ಗೊತ್ತಿದ್ದು ಓದಿದರೆ ಓವಿಡ್ ಇನ್ನೂ ದೊಡ್ಡವನಾಗಿ ಕಾಣುತ್ತಾನೆ.

ನನ್ನ ಕ್ರಮ ಹೀಗೆ: ಮೊದಲು ಡಿಮೀಟರ್ ಸ್ತೋತ್ರ, ಆಮೇಲೆ ಹೆಸಿಯಡ್, ಪಕ್ಕದಲ್ಲಿ ಸದಾ ಅಪೊಲೊಡೋರಸ್, ಕೊನೆಗೆ ನಿಧಾನವಾಗಿ ಓವಿಡ್. ಮಕ್ಕಳಿಗೆ ಹೇಳಲು ಕಥೆ ಬೇಕಾದವರು ಮಾತ್ರ ಈ ಕ್ರಮ ಬಿಟ್ಟು ಅಪೊಲೊಡೋರಸನ ಪರ್ಸಿಯಸ್ ಮತ್ತು ಹೆರಾಕ್ಲಿಸ್ ಭಾಗಗಳಿಂದ ಶುರುಮಾಡಬಹುದು. ಓವಿಡನನ್ನು ಹಾಗೇ ಮಕ್ಕಳ ಕೈಗೆ ಕೊಡುವಂತಿಲ್ಲ. ಅನುವಾದಗಳಲ್ಲಿ, ಎವೆಲಿನ್-ವೈಟ್ 1914ರಲ್ಲಿ ತಂದ ಲೋಬ್ ಮಾಲೆಯ ಒಂದೇ ಸಂಪುಟದಲ್ಲಿ ಹೆಸಿಯಡನೂ ಸ್ತೋತ್ರಗಳೂ ಇವೆ, ಭಾಷೆ ಸ್ವಲ್ಪ ಹಳತು. ಅಪೊಲೊಡೋರಸನಿಗೆ ಫ್ರೇಜರ್ 1921ರಲ್ಲಿ ಮಾಡಿದ ಎರಡು ಸಂಪುಟಗಳೇ ಆಗಬೇಕು. ಪುಟದ ಅಡಿಯ ಟಿಪ್ಪಣಿಗಳು ಕೆಲವೊಮ್ಮೆ ಮೂಲಕ್ಕಿಂತ ಉದ್ದ, ಒಂದೊಂದು ಕಥೆಗೂ ಬೇರೆ ಯಾರ್‍ಯಾರು ಏನೇನು ಹೇಳಿದ್ದಾರೆ ಅನ್ನುವುದೆಲ್ಲ ಅಲ್ಲಿದೆ. ಇವೆರಡೂ ಅಂತರ್ಜಾಲದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ದುಡ್ಡಿಲ್ಲದೆ ಓದಲು ಸಿಗುತ್ತವೆ. ಓವಿಡನಿಗೆ ಮಾತ್ರ ಹಳೆಯದನ್ನು ಹುಡುಕದೆ, ಹೊಸ ಪದ್ಯಾನುವಾದವೊಂದನ್ನು ಕೊಂಡುಕೊಳ್ಳಿ.